ಆರು ನಿಮಿಷ

ಉಸಿರಾಟದ ಯಂತ್ರ ತಯಾರಿಸಿದ ಕಂಪನಿಯ ಎಂಜಿನಿಯರ್ ನಳಿನಾಕ್ಷಿ ಆಸ್ಪತ್ರೆಯಲ್ಲಿ ಮಗುವೊಂದು ತೀರಿಕೊಂಡ ಮೂರು ತಿಂಗಳ ಮೇಲೆ, ಆ ಯಂತ್ರ ತಾನೇ ಬರೆದಿಟ್ಟ ದಾಖಲೆಯಾದ ಲಾಗ್ ಪೂರ್ತಿ ಓದಿದಳು. ಕೆಲಸ ಕಳೆದುಕೊಂಡಿದ್ದ ನರ್ಸ್ ಫಿಲೋಮಿನಾಳ ಮನೆ ಹುಡುಕಿಕೊಂಡು ಅಂದೇ ಹೊರಟಳು.

“ಸಿಸ್ಟರ್, ತಪ್ಪು ನಮ್ಮದು. ಕೊಳವೆ ಕಳಚಿದ ಕೂಡಲೇ ಯಂತ್ರ ನಡೆಸೋ ಮೂಲ ತಂತ್ರಾಂಶ ಎಚ್ಚರಿಕೆಯ ಸಂದೇಶ ಬರೆದಿದೆ. ಅದು ಬೇರೆ ಸಂದೇಶಗಳ ಹಿಂದೆ ಸಿಕ್ಕಿಕೊಂಡು, ಅಲಾರಂ ಆರು ನಿಮಿಷ ತಡವಾಗಿ ಕೂಗಿದೆ. ಅಷ್ಟರಲ್ಲಿ ಮಗು…”

“ಗೊತ್ತು ಮೇಡಂ. ನಾನು ವಾರ್ಡಿನ ಮೇಜಲ್ಲಿ ಎಚ್ಚರವಾಗೇ ಇದ್ದೆ, ಅಲ್ಲೀವರೆಗೂ ಅಲಾರಂ ಕೂಗಲೇ ಇಲ್ಲ.”

“ಮತ್ತೆ ನಿದ್ದೆ ಹೋಗಿದ್ದೆ ಅಂತ ಯಾಕೆ ಬರೆದುಕೊಟ್ರಿ?”

ಫಿಲೋಮಿನಾ ಅವಳಿಗೆ ಕುರ್ಚಿ ಎಳೆದುಕೊಟ್ಟಳು.

“ಅಲಾರಂ ಸರಿಯಾಗೇ ಕೂಗಿದೆ ಅಂತ ನಿಮ್ಮವರು ಹೇಳಿಬಿಟ್ರು. ಹಾಗಾದ್ರೆ ತಪ್ಪು ಅಲ್ಲಿದ್ದ ಇಬ್ಬರಲ್ಲಿ ಒಬ್ಬರದ್ದಾಗ್ಬೇಕಿತ್ತು. ಒಂದೋ ನನ್ನದು, ಇಲ್ಲಾ ಮಗುವಿನ ಪಕ್ಕ ಕೂತಲ್ಲೇ ನಿದ್ದೆ ಹೋಗಿದ್ದ ಹೆತ್ತವಳದು.”