ಪಳಗಿದ ಕೈ

ಜಂಬಕ್ಕ ಬೆಂಚಿನ ಮೇಲೆ ಕೂರಲಿಲ್ಲ. ಸೆರಗು ಮುದುರಿಕೊಂಡು, ಗೋಡೆಗೂ ತಾಗದಂತೆ ನಿಂತಳು. ಗಂಡ ಎರ್ರೆಪ್ಪ ಲ್ಯಾಬಿನ ಹೊಸ್ತಿಲಾಚೆಯೇ ಉಳಿದ, ತಮ್ಮೂರು ತಂಬ್ರಹಳ್ಳಿಯ ಬಸ್ಸು ಬರುವ ಕಡೆಗೆ ಮುಖ ಮಾಡಿ.

"ಕುಂದ್ರವ್ವ, ಬೆಂಚಿಗೇನೂ ರೋಗಿಲ್ಲ," ಎಂದ ಹೊನ್ನೂರಸ್ವಾಮಿ.

"ನನಗೈತಂತಲ್ರಿ."

ಹಗರಿಬೊಮ್ಮನಹಳ್ಳಿ ಬಸ್‌ಸ್ಟ್ಯಾಂಡಿನ ಎದುರು, ಎಸ್‌ಟಿಡಿ ಬೂತಿನ ಪಕ್ಕ ಅವನ ಲ್ಯಾಬು. ರಕ್ತ, ಮೂತ್ರ, ಕಫ, ಚರ್ಮ ಎಲ್ಲ ನೋಡುತ್ತಿದ್ದ. ಬಂದವರನ್ನು ನಗಿಸುವುದನ್ನೂ ಕೆಲಸದಲ್ಲೇ ಸೇರಿಸಿಕೊಂಡಿದ್ದ. ಆಗಷ್ಟೇ ಚಹಾ ಕುಡಿದು ಬರುವಾಗ ಒಂದು ಚಪ್ಪಲಿ ದಾರಿಯಲ್ಲೇ ಕಳಚಿ ಉಳಿದಿತ್ತು. ಅಂಗಡಿಯವನು ಕೂಗಿ ಹೇಳಿದಾಗಲೇ ಅವನಿಗೆ ತಿಳಿದದ್ದು. "ಎಡಗಾಲಿಂದು ಇನ್ನೂ ಚಾ ಮುಗಿದಿಲ್ಲ" ಎಂದಿದ್ದ.

ಜಂಬಕ್ಕ ನಕ್ಕಿರಲಿಲ್ಲ. ಈಗ ಮುಂಗೈ ಚಾಚಿದಳು. ದುಂಡನೆಯ ಕಲೆ, ಅಂಚು ಉಬ್ಬಿತ್ತು. ಅದನ್ನು ಕಂಡ ದಿನವೇ ಅತ್ತೆ ದ್ಯಾಮಕ್ಕ ಅವಳ ಊಟದ ಗಂಗಾಳ ಬೇರೆ ಇಟ್ಟಳು. ಆಮೇಲೆ ಹಾಸಿಗೆ. ಆಮೇಲೆ ಮಗುವನ್ನು. ಕುಷ್ಠವೆಂದು ಬಂದರೆ ಇಲ್ಲಿಂದಲೇ ತವರಿನ ಬಸ್ಸು.

"ಕಣ್ಣು ಮುಚ್ಚು. ಹತ್ತಿ ಸೋಕಿಸ್ತೀನಿ, ಗೊತ್ತಾದಾಗ ಹೂಂ ಅನ್ನು. ದೊಡ್ಡ ರೋಗ ಆಗಿದ್ರ ಅಲ್ಲಿ ಮುಟ್ಟಿದ್ದು ತಿಳಿಯಂಗಿಲ್ಲ."

ಸೋಕಿಸಿದಾಗಲೆಲ್ಲ "ಹೂಂ" ಬಂತು. "ತುರಿಕಿನೂ ಐತ್ರಿ, ಹಾಳಾದ್ದು."

"ತುರಸಲಿ ಬಿಡು, ಒಳ್ಳೇದು. ಆದ್ರ ಕಣ್ಣಿಲೆ ನೋಡದ ನಾ ಬರಿಯಂಗಿಲ್ಲ."

ಕಲೆಯ ಅಂಚನ್ನು ಬ್ಲೇಡಿನಿಂದ ಮೆಲ್ಲಗೆ ಕೆರೆದ. ಗಾಜಿನ ಸ್ಲೈಡಿನ ಮೇಲೆ ಚರ್ಮದ ಹೊಟ್ಟು ಉದುರಿತು. ಅದಕ್ಕೊಂದು ಹನಿ ಪೊಟ್ಯಾಶ್ ನೀರು. ಇನ್ನು ತುಸು ಬಿಸಿ ಮಾಡಬೇಕು. ಚರ್ಮ ಕರಗಿ, ಬೂಷ್ಟು ಇದ್ದರೆ ಅದಷ್ಟೇ ಉಳಿಯುತ್ತದೆ. ಬೇರೆಯವರು ಇಕ್ಕಳ ಬಳಸುತ್ತಾರೆ. ಹೊನ್ನೂರಸ್ವಾಮಿ ಸ್ಲೈಡನ್ನು ಬರಿಗೈಯಲ್ಲೇ ಸ್ಪಿರಿಟ್ ದೀಪದ ಮೇಲೆ ಹಿಡಿದ.

"ಸುಡಂಗಿಲ್ಲೇನ್ರಿ?"

"ಪಳಗಿದ ಕೈ ತಂಗಿ. ಮೊದಮೊದಲು ಸುಡತಿತ್ತು. ಈಗ ಬೆಂಕೀನ ನನಗ ಅಂಜತೈತಿ."

ಹಿಡಿದುಕೊಂಡೇ ಕತ್ತು ಚಾಚಿ ಮೂಗಿನಲ್ಲಿ ದನಿ ತೆಗೆದ: "ನಮ್ಮ ವಂಶದಾಗ ಯಾರಿಗೂ ಇಲ್ಲವ್ವ, ಇಕಿ ತವರಿಂದ ಗಂಟು ಕಟ್ಟಿಕೊಂಡು ಬಂದಾಳ."

ಜಂಬಕ್ಕ ಬೆಚ್ಚಿದಳು. "ನಮ್ಮತ್ತೀನ ನೋಡೀರೇನ್ರಿ?"

"ಎಲ್ಲಾ ಅತ್ತೆಂದಿರದೂ ಒಂದ ರಾಗ."

ಏನೋ ಸುಟ್ಟ ವಾಸನೆ ಬಂತು. "ನಿನ್ನ ಹೊಟ್ಟ ಇರಬೇಕು," ಎಂದು ಸ್ಲೈಡನ್ನು ಮೈಕ್ರೋಸ್ಕೋಪಿನ ಕೆಳಗಿಟ್ಟು ಬಗ್ಗಿದ. ಬಹಳ ಹೊತ್ತು ತಲೆ ಎತ್ತಲಿಲ್ಲ.

"ಬಾ, ನೀನ ನೋಡು."

ಬೆಳಕಿನ ಬಿಲ್ಲೆಯೊಳಗೆ ಸಣ್ಣ ಎಳೆಗಳು, ಬೇಲಿಗೆ ಹಬ್ಬಿದ ಬಳ್ಳಿಯಂತೆ ಕವಲೊಡೆದಿದ್ದವು.

"ತಂಗಳ ರೊಟ್ಟಿಗೆ ಬೂಷ್ಟು ಬರತೈತಲ್ಲ, ಅದರ ತಮ್ಮ ಇವ. ಹುಳುಕಡ್ಡಿ. ಮುಲಾಮು ಹಚ್ಚಿದ್ರ ಹೋಗತಾನ."

ಅವಳು ಹೊಸ್ತಿಲ ಕಡೆ ತಿರುಗಿದಳು. ಎರ್ರೆಪ್ಪ ಎಲ್ಲವನ್ನೂ ಕೇಳಿಸಿಕೊಂಡಿದ್ದ.

"ನೀವು ಹುಳುಕಡ್ಡಿ ಅಂತೀರಿ ಸಾರ್. ಓಣಿ ಅನಬೇಕಲ್ರಿ," ಎಂದ. ಆಮೇಲೆ ಹೆಂಡತಿಯ ಮುಖ ನೋಡದೆ, "ನೀ ತವರಾಗ ಇರು. ನೋಡೂಣು."

ಬಸ್ಸು ಬಂತು. ಅವನೊಬ್ಬನೇ ಹತ್ತಿದ.

"ಕುಷ್ಠಕ್ಕೂ ಸರ್ಕಾರ ಪುಕ್ಕಟೆ ಗುಳಿಗಿ ಕೊಡತೈತಿ," ಎಂದ ಹೊನ್ನೂರಸ್ವಾಮಿ, ಚೀಟಿ ಬರೆಯುತ್ತ. "ಹೆಸರು ಬಂದದ್ದಕ್ಕ ಮಾತ್ರ ಗುಳಿಗಿಲ್ಲ. ಒಮ್ಮಿ ಬಂತಂದ್ರ ಸಾಯೋತನಕ ಗಂಗಾಳ ಬ್ಯಾರೇನ."

ಚೀಟಿ ಚಾಚಿದ. ಜಂಬಕ್ಕ ತೆಗೆದುಕೊಳ್ಳಲಿಲ್ಲ. ಅದನ್ನು ಹಿಡಿದ ಹೆಬ್ಬೆರಳನ್ನೇ ನೋಡಿದಳು. ತುದಿ ಬೆಂದು, ಬೆಳ್ಳಗೆ ಬೊಬ್ಬೆ ಎದ್ದು ಒಡೆದು, ಕಾಗದಕ್ಕೆ ಅದರ ನೀರು ಅಂಟಿತ್ತು.

ಅವಳು ಮೊದಲ ಸಲ ಬೆಂಚಿನ ಮೇಲೆ ಕೂತಳು. ಮೇಜಿನ ಮೇಲಿದ್ದ ಹತ್ತಿ ಎತ್ತಿಕೊಂಡಳು.

"ಅಣ್ಣಾ, ಒಮ್ಮಿ ಕಣ್ಣು ಮುಚ್ರಿ. ಗೊತ್ತಾದಾಗ ಹೂಂ ಅನ್ರಿ."

ಅವನು ನಕ್ಕು, ಅವಳದೇ ನಡುಗುವ ದನಿಯಲ್ಲಿ ಹೂಂ ಎನ್ನಬೇಕೆಂದುಕೊಂಡು, ಕಣ್ಣು ಮುಚ್ಚಿ ಕೈ ಮುಂದಿಟ್ಟ.

ಕಾದ.

"ಹಚ್ಚವ್ವ ಮತ್ತ, ಯಾಕ ತಡಾ ಮಾಡ್ತಿ?" ಎಂದ.

ಹತ್ತಿ ಆಗಲೇ ಅವನ ಹೆಬ್ಬೆರಳ ಮೇಲಿತ್ತು.