ಎಲ್ಲರಿಗೂ ಅರ್ಥವಾಗುವ ಪ್ರಕಟಣೆ

ನಗರಸಭೆಯ ಪ್ರಚಾರ ವಿಭಾಗದ ಪಂಕಜಾಕ್ಷಿ ಕಣ್ಣಿನ ಶಿಬಿರಕ್ಕಾಗಿ ವಾರವಿಡೀ ಕೂತು ಪ್ರಕಟಣೆ ಬರೆದಳು. "ಸಕ್ಕರೆ ಕಾಯಿಲೆಯಿಂದ ಕಣ್ಣು ಹೋಗಬಹುದು. ಭಾನುವಾರ ಪೇಟೆ ಶಾಲೆಗೆ ಬಂದು ತೋರಿಸಿಕೊಳ್ಳಿ." ಮಗುವಿಗೂ ತಿಳಿಯಬೇಕೆಂಬುದು ಅವಳ ಹಟ. ತನ್ನ ದನಿಯಲ್ಲೇ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ಊರೆಲ್ಲ ಸಾರುವ ಆಟೋದವನಿಗೆ ಕಳಿಸಿದಳು.

ಭಾನುವಾರ ಶಾಲೆಯ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. "ಏನು ಬರೆದ್ರಿ ಮೇಡಂ ನೀವು" ಎಂದು ಡಾಕ್ಟರೇ ಕೈಮುಗಿದರು. ಪಂಕಜಾಕ್ಷಿ ಉಬ್ಬಿಹೋದಳು. ಸಾಲಿನಲ್ಲಿದ್ದ ಒಬ್ಬ ಅಜ್ಜಿಯ ಬಳಿ ಹೋಗಿ, "ಆಟೋದಲ್ಲಿ ಹೇಳಿದ್ದು ಚೆನ್ನಾಗಿ ಅರ್ಥ ಆಯ್ತಾ ಅಜ್ಜಿ?" ಎಂದು ಕೇಳಿದಳು.

"ಭಾನುವಾರ, ಪೇಟೆ ಶಾಲೆ, ಅಷ್ಟು ಗೊತ್ತಾಯ್ತು. ಮಿಕ್ಕಿದ್ದು ಅದೇನೋ ಅಕ್ಷಿಪಟಲ, ಪೂರ್ವಪತ್ತೆ, ತಪ್ಪದೇ ಹಾಜರಾಗತಕ್ಕದ್ದು ಅಂದ್ರು."

ಪಂಕಜಾಕ್ಷಿಯ ಮುಖ ಇಳಿಯಿತು. ಅದು ಅವಳೇ ಮೊದಲು ಬರೆದು ರೆಕಾರ್ಡ್ ಮಾಡಿ, ಎರಡನೇ ಸಲ ಕೇಳಿದಾಗ ತನಗೇ ಅರ್ಥವಾಗದೆ ಕೈಬಿಟ್ಟಿದ್ದ ಪ್ರಕಟಣೆ. ಕಳಿಸುವಾಗ ಅದೇ ಹೋಗಿಬಿಟ್ಟಿತ್ತು.

"ಅರ್ಥ ಆಗದೆ ಮತ್ತೆ ಹೇಗೆ ಬಂದ್ರಿ?"

"ಬರದಿದ್ರೆ ರೇಷನ್ ಕಾರ್ಡ್ ಕಿತ್ಕೊಳ್ತಾರೇನೋ ಅಂತ ಬೀದಿಗೆ ಬೀದೀನೇ ಎದ್ದು ಬಂದ್ವಿ ತಾಯಿ."