ಮೇಲ್ನೋಟ

ಮಗ ಇದ್ರೀಸ್ ಬರೆದ ನಕ್ಷೆಯನ್ನು ಸನಾವುಲ್ಲಾ ಒಲೆಗೆ ಹಾಕಿಬಿಟ್ಟ. ಸಿಟ್ಟೇನೂ ಇರಲಿಲ್ಲ, ಕೈ ತಾನಾಗಿಯೇ ಹಾಕಿತು. ಚನ್ನಪಟ್ಟಣದ ಆ ಮನೆಯಲ್ಲಿ ಬಿಲ್ಲೆಳೆದು ಮರ ತಿರುಗಿಸಿ ಕಡೆಯುವ ಕಸುಬು ಶುರುವಾದಾಗಿನಿಂದ, ದುಂಡಗೆ ಬರದೆ ಸೊಟ್ಟಗಾದ ಬಳೆ, ಬುಗುರಿ, ಕುಂಕುಮದ ಭರಣಿಗಳೆಲ್ಲ ಸೇರುತ್ತಿದ್ದದ್ದು ಒಲೆಯನ್ನೇ. ಕಾಗದದ ಮೇಲಿದ್ದ ಬಳೆ ಕೋಳಿಮೊಟ್ಟೆಯ ಹಾಗಿತ್ತು. ಅದೂ ಸೇರಿತು.

ಇದ್ರೀಸ್ ಹಿತ್ತಿಲಿನಿಂದ ಓಡಿಬರುವಷ್ಟರಲ್ಲಿ ಕಾಗದ ಸುರುಟಿಕೊಂಡು ಕಪ್ಪಾಗಿತ್ತು.

"ಅಬ್ಬಾ! ಅದು ನಾಳೆ ಸಾಹೇಬರಿಗೆ ತೋರ್ಸೋ ನಕ್ಷೆ!"

"ಇದನ್ನಾ? ಸಾಹೇಬರಿಗಾ? ಸನಾವುಲ್ಲಾನ ಮಗ ಇಂಥ ಬಳೆ ಬರ್ದವ್ನೆ ಅಂತ ಗೊತ್ತಾದ್ರೆ ನಾನು ಪೇಟೆ ಬೀದೀಲಿ ತಲೆ ಎತ್ಕೊಂಡು ಓಡಾಡಂಗೈತಾ?"

ಇದ್ರೀಸನಿಗೆ ಅಳುವೇ ಬಂತು. ಅವನು ಕಲಿಯುತ್ತಿದ್ದ ಕೈಗಾರಿಕೆ ಶಾಲೆಗೆ ಎಣ್ಣೆ ಇಂಜಿನ್ನಿನಿಂದ ತಿರುಗಿ ಮರ ಕಡೆಯುವ ಹೊಸ ಕಡಚಲು ಯಂತ್ರ ಬಂದು, ಇನ್ನೂ ಗೋಣಿತಾಟು ಹೊದ್ದುಕೊಂಡು ಕೂತಿತ್ತು. ಬೆಂಗಳೂರಿನಿಂದ ಬರುವ ಸಾಹೇಬರು ಯಾರ ನಕ್ಷೆಯನ್ನು ಒಪ್ಪುತ್ತಾರೋ ಅವರೇ ಅದನ್ನು ನಡೆಸುವವರು. ಇದ್ರೀಸ್ ಆಗಲೇ ಯಾರೂ ಇಲ್ಲದ ಹೊತ್ತು ನೋಡಿ, ತಾಟಿನ ಅಂಚೆತ್ತಿ, ಆ ತಣ್ಣನೆಯ ಕಬ್ಬಿಣವನ್ನು ಸವರಿ ಬಂದಿದ್ದ. ಅಷ್ಟು ಜೀವ ಅದರ ಮೇಲೆ.

"ಬಳೇನ ನೆಲದ ಮೇಲೆ ಓರೆಯಾಗಿ ನಿಲ್ಸಿ ಬರೀಬೇಕು ಅಬ್ಬಾ. ಲೆಕ್ಕ ಕೊಟ್ಟಿರೋದೇ ಹಂಗೆ. ಪಕ್ಕದಿಂದ ನೋಡಿದ್ರೆ ಬರೀ ಗೆರೆ. ಆ ಮೊಟ್ಟೆ ಇತ್ತಲ್ಲ, ಅದು ಮೇಲಿಂದ ನೋಡಿದ್ರೆ ಕಾಣೋದು, ಮೇಲ್ನೋಟ."

"ಮೇಲ್ನೋಟ ಅಂದ್ರೆ ಸರಿಯಾಗಿ ನೋಡ್ದೆ ಇರೋದು ಕಣಪ್ಪಾ. ಅದನ್ನ ಕಲ್ಸೋಕೆ ಒಂದು ಸ್ಕೂಲು ಬೇಕಾ?" ಸನಾವುಲ್ಲಾ ಕೈಯೊರೆಸಿಕೊಂಡ. "ಗೆರೆ ಐತೆ, ಮೊಟ್ಟೆ ಐತೆ. ಬಳೆ ಎಲ್ಲೈತೆ? ಅದನ್ನ ಹೇಳು, ನಾಳೆ ಹೋಗು. ಹೇಳಕ್ಕಾಗ್ದಿದ್ರೆ ಬಾ, ಬಿಲ್ಲು ಹಿಡ್ಕೊಂಡು ನನ್ನ ಪಕ್ಕ ಕೂತ್ಕೋ."

ನಿಜ ಹೇಳಬೇಕೆಂದರೆ ಇದ್ರೀಸನಿಗೂ ಗೊತ್ತಿರಲಿಲ್ಲ. ಶಾಲೆಯ ಅಂಕಯ್ಯ ಮೇಷ್ಟ್ರು ಹೇಳಿಕೊಟ್ಟ ಹಾಗೆ ಚುಕ್ಕಿ ಇಳಿಸಿ, ಗೆರೆ ಎಳೆದು, ಕೂಡಿಸಿದ್ದ, ಮೊಟ್ಟೆ ಬಂದಿತ್ತು. ಕೈ ಬರೆದಿತ್ತೇ ಹೊರತು ಮನಸ್ಸು ಒಪ್ಪಿರಲಿಲ್ಲ. ಅವನೂ ಅದೇ ಮನೆಯಲ್ಲಿ ಹುಟ್ಟಿ ಬೆಳೆದವನಲ್ಲವೇ?

ಅಪ್ಪ ಮಗನ ವಾದ ಮುಗಿಯಲಿ ಅಂತ ಅಡುಗೆ ಕಾಯುವುದುಂಟೇ? ತಾಯಿ ಕರೀಮುನ್ನೀಸಾ ಒಲೆಯ ಮುಂದೆ ಕೂತು ಮುದ್ದೆ ತಿರುವತೊಡಗಿದ್ದಳು. ಮುಂಗೈಯಲ್ಲಿ ಕೆಂಪು ಅರಗು ಬಳಿದ ಮರದ ಬಳೆ. ನಿಕಾಹಿಗೆಂದು ಸನಾವುಲ್ಲಾನೇ ಕಡೆದುಕೊಟ್ಟದ್ದು. ಅದು ಜಾರಿ ಓರೆಯಾಗಿ ಜೋತಿತ್ತು. ಅವಳ ಹಿಂದೆ ನಿಂತಿದ್ದ ಇದ್ರೀಸನ ಕಣ್ಣು ಅದರ ಮೇಲೆ ಬಿತ್ತು. ಮತ್ತೆ ನೋಡಿದ. ನಿಂತಲ್ಲಿಂದ ಅದು ದುಂಡಗಿರಲೇ ಇಲ್ಲ! ಹುಟ್ಟಿದಾಗಿನಿಂದ ಕಂಡ ಬಳೆ. ಕಣ್ಣಿಗೆ ಬೀಳುತ್ತಿದ್ದದ್ದು ಮೊಟ್ಟೆ. ಅವನು ಮಾತ್ರ ದುಂಡು ಅಂದುಕೊಂಡೇ ಇದ್ದ.

"ಅಮ್ಮೀ, ಕೈ ಅಲ್ಲಾಡಿಸ್ಬೇಡ!"

"ಮುದ್ದೆ ಗಂಟಾಯ್ತದೆ ಕಣೋ!"

"ಆಗ್ಲಿ. ಅಬ್ಬಾ, ಈ ಬಳೆ ದುಂಡಗೈತಾ?"

ಸನಾವುಲ್ಲಾನಿಗೆ ಕೆಂಡ ತುಳಿದಂತಾಯಿತು. "ನನ್ನ ಕೈಮಾಲು ಅದು! ಅಂಥ ದುಂಡು ಈ ಊರಲ್ಲಿ ಇನ್ನೊಂದಿದ್ರೆ ತೋರ್ಸು."

"ಹಂಗಾದ್ರೆ ಇಲ್ಲಿ ನಿಂತು ಒಂದು ಕಣ್ಣು ಮುಚ್ಚಿ ನೋಡಿ. ಕಡೆದ ಮಾಲು ಇಳಿಸೋಕೆ ಮುಂಚೆ ನೋಡ್ತೀರಲ್ಲ, ಹಂಗೆ."

ಸನಾವುಲ್ಲಾ ಎಡಗಣ್ಣು ಮುಚ್ಚಿದ. ಮುಚ್ಚಿದವನು ಹಾಗೇ ನಿಂತುಬಿಟ್ಟ. ಆಮೇಲೆ ಪಕ್ಕಕ್ಕೆ ಸರಿದು ಬಗ್ಗಿದ. ಬಳೆ ಸಣಕಲಾಗುತ್ತಾ ಹೋಗಿ ಗೆರೆಯಾಯಿತು. ಈಚೆಗೆ ಬಂದ, ಗೆರೆ ಹೊಟ್ಟೆ ಬಿಟ್ಟುಕೊಂಡು ಮೊಟ್ಟೆಯಾಯಿತು. ಇನ್ನೂ ಮುಂದೆ ಬಂದ. ತಾನು ಕಡೆದ ಆ ದುಂಡು ಪೂರ್ತಿಯಾಗಿ ಕಂಡಿತು. ಮುಚ್ಚಿದ ಕಣ್ಣು ತೆರೆಯದೆ ಮತ್ತೆ ಮೊದಲಿನ ಜಾಗಕ್ಕೇ ಹೋದ.

"ಏನಾಗೈತೆ ನನ್ನ ಬಳೆಗೆ? ಸೀಳು ಬುಟ್ಟೈತಾ?" ಕರೀಮುನ್ನೀಸಾಗೆ ಗಾಬರಿಯಾಯಿತು. ಮಗನ ಕಡೆ ತಿರುಗಿದಳು. "ನಿಕಾಹ್ ಆದ ಹೊಸದ್ರಲ್ಲೂ ನಿಮ್ಮಪ್ಪ ನನ್ನ ಸುತ್ತ ಹಿಂಗೆ ತಿರುಗ್ಲಿಲ್ಲ ಕಣೋ."

"ಬಳೆ ಚೆನ್ನಾಗೈತೆ, ಸುಮ್ನಿರು," ಎಂದ ಸನಾವುಲ್ಲಾ. ದನಿ ತಗ್ಗಿತ್ತು. "ನಾನೇ ಇಷ್ಟು ವರ್ಷ ನೋಡಿರ್ಲಿಲ್ಲ." ಆಮೇಲೆ ಒಲೆಯೊಳಗಿನ ಬೂದಿ ಕಡೆ ಒಮ್ಮೆ ನೋಡಿ, ಮಗನ ಮುಖ ನೋಡದೆ ಕೇಳಿದ: "ಇನ್ನೊಂದು ಕಾಗದ ಐತೇನ್ಲಾ?"

ಬಿಸಿಲು ಇಳಿಯುವ ಮೊದಲೇ ಜಗಲಿಯಲ್ಲಿ ಕೂತು ಇದ್ರೀಸ್ ಹೊಸ ನಕ್ಷೆ ಮುಗಿಸಿದ. ಈ ಸಲ ಮೊಟ್ಟೆ ಬರೆಯುವಾಗ ಕೈ ಅಳುಕಲಿಲ್ಲ. ಅಷ್ಟು ಹೊತ್ತೂ ಬೆಳಕಿಗೆ ಅಡ್ಡ ಬಂದವರನ್ನೆಲ್ಲ ಸನಾವುಲ್ಲಾ ಗದರಿ ಕಳಿಸಿದ್ದ. ಮುಗಿದದ್ದೇ ಕಾಗದವನ್ನು ತನ್ನ ಕೈಗೆ ತೆಗೆದುಕೊಂಡ. ಎಷ್ಟಾದರೂ ಹೆದರಿಕೆ ಹೆದರಿಕೆಯೇ. ಇದ್ರೀಸನ ಕಣ್ಣು ಒಲೆಯ ಕಡೆ ಹೋಯಿತು.

ಸನಾವುಲ್ಲಾ ಎಡಗಣ್ಣು ಮುಚ್ಚಿ, ಕಾಗದವನ್ನು ಮುಖದ ಮುಂದೆ ಹಿಡಿದು, ಮೆಲ್ಲಗೆ ವಾಲಿಸಿದ. ಇನ್ನೂ ಸ್ವಲ್ಪ ವಾಲಿಸಿದ. ಒಂದು ಕಡೆ ಕೈ ತಟ್ಟನೆ ನಿಂತಿತು.

"ಬಾ ಇಲ್ಲಿ," ಎಂದು ಮಗನ ಹೆಗಲು ಹಿಡಿದು ತನ್ನ ಪಕ್ಕಕ್ಕೆ ಎಳೆದುಕೊಂಡ. ಓರೆಯಾದ ಕಾಗದದ ಮೇಲೆ ಮೊಟ್ಟೆ ಉದ್ದದಲ್ಲಿ ಕುಗ್ಗಿ, ಒಂದಿಷ್ಟೂ ಸೊಟ್ಟಿಲ್ಲದೆ ದುಂಡಾಗಿತ್ತು.

"ನೋಡ್ಲಾ, ಇಲ್ಲೈತೆ ಬಳೆ."